ಅಗ್ನಿವಿಮೆಯ ಸುಂಕವೂ ಇಂಗ್ಲೆಂಡಿನ ಚಿಲ್ಲರೆ ಅಂಗಡಿಗಳೂ

ಸರ್ಕಾರಗಳು ಯಾವ ಯಾವ ವಸ್ತುಗಳನ್ನು ಹುಡುಕಿ ಹುಡುಕಿ ತೆರಿಗೆಗೆ ಒಳಪಡಿಸಿದುವೆಂಬ ಕಥೆಯು ಯಾವ ದೇಶದ ಚರಿತ್ರೆಯಲ್ಲಿಯೂ ಸ್ವಾರಸ್ಯವಾದುದೇ. ಇಂಗ್ಲೆಂಡಿನಲ್ಲಿ 1662ರಿಂದ 1689ರ ವರೆಗೆ ಮನೆಯ ಒಲೆಗೆ ತೆರಿಗೆಯಿದ್ದಿತು. 1696ರಿಂದ 1851ರ ವರೆಗೆ ಕಿಟಕಿಗೆ ಇದ್ದಿತು. 1795ರಲ್ಲಿ ಸಿರಿವಂತರು ಕೂದಲಿಗೆ ಉದುರಿಸಿಕೊಳ್ಳುತ್ತಿದ್ದ ಹಿಟ್ಟಿಗೂ ಬಂದಿತು. ಕಿಟಕಿಯ ತೆರಿಗೆಯನ್ನು ತಪ್ಪಿಸಿಕೊಳ್ಳಲು ಜನರು ಕಿಟಕಿಗಳಿಗೆ ಇಟ್ಟಿಗೆ ತುಂಬಿದರು. ಆ ಕುರುಡು ಕಿಟಕಿಗಳು ಆ ದೇಶದ ಹಳೆಯ ಊರುಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಅದೇ ದೇಶದಲ್ಲಿ ಬಹುಕಾಲ ನಡೆದ ಮತ್ತೊಂದು ಸುಂಕದ ಗುರುತು ಮಾತ್ರ ಯಾವ ಗೋಡೆಯ ಮೇಲೆಯೂ ಉಳಿದಿಲ್ಲ. ಅದು ಅಗ್ನಿವಿಮೆಯ ಮೇಲಣ ಸುಂಕ. ಅದನ್ನು ತಪ್ಪಿಸಿಕೊಳ್ಳಬೇಕೆಂಬುವನು ಇಟ್ಟಿಗೆಯನ್ನು ತರಬೇಕಾಗಿರಲಿಲ್ಲ, ಗಾರೆಯನ್ನು ಕಲಸಬೇಕಾಗಿರಲಿಲ್ಲ. ವಿಮೆಯನ್ನು ಮಾಡಿಸದೆ ಸುಮ್ಮನಿದ್ದರೆ ಸಾಕಾಗಿತ್ತು. ಹಾಗೆ ಸುಮ್ಮನಿದ್ದನೆಂಬುದು ಊರಿಗೆ ತಿಳಿಯುತ್ತಿದ್ದುದು ಅವನ ಅಂಗಡಿಗೆ ಬೆಂಕಿ ಬಿದ್ದ ಮಾರನೆಯ ದಿನ.

ಲಂಡನ್ ನಗರದ ಮಹಾಗ್ನಿಯ ವಿಚಾರವನ್ನು ವಾಚಕರು ಬಲ್ಲರು. 1666ನೆಯ ಸೆಪ್ಟೆಂಬರ್ 2ರಂದು ಪುಡ್ಡಿಂಗ್ ಲೇನ್ ಎಂಬ ಓಣಿಯ ಒಂದು ರೊಟ್ಟಿಯ ಅಂಗಡಿಯಲ್ಲಿ ಹುಟ್ಟಿದ ಕಿಡಿಯು ನಾಲ್ಕೈದು ದಿನಗಳಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕ ಮನೆಗಳನ್ನು ನುಂಗಿತು. ಆ ಬೂದಿಯಿಂದಲೇ ಅಗ್ನಿವಿಮೆಯು ಹುಟ್ಟಿತೆಂದರೆ ತಪ್ಪಾಗಲಾರದು. ನಗರವನ್ನು ಮತ್ತೆ ಕಟ್ಟುವ ಕೆಲಸದಲ್ಲಿ ದುಡ್ಡು ಮಾಡಿದ ನಿಕೊಲಸ್ ಬಾರ್ಬನ್ ಎಂಬವನು 1680ರ ಸುಮಾರಿಗೆ ಮನೆಗಳಿಗೆ ವಿಮೆ ಕೊಡುವ ಕಚೇರಿಯೊಂದನ್ನು ತೆರೆದನು. ಇಟ್ಟಿಗೆಯ ಮನೆಗೆ ವರ್ಷದ ಬಾಡಿಗೆಯಲ್ಲಿ ನೂರಕ್ಕೆ ಎರಡೂವರೆ, ಮರದ ಮನೆಗೆ ಐದು, ಇದು ಅವನ ದರ. 1710ರಲ್ಲಿ ಹುಟ್ಟಿದ ಸನ್ ಸಂಸ್ಥೆಯು ಮನೆಗಳನ್ನಲ್ಲದೆ ಮನೆಯೊಳಗಣ ಸರಕನ್ನೂ ವಿಮೆಗೆ ತೆಗೆದುಕೊಂಡಿತು. ಅಂಗಡಿಕಾರನಿಗೆ ನಿಜವಾಗಿ ಬೇಕಾಗಿದ್ದುದು ಇದು. ಕಟ್ಟಡವು ಅನೇಕವೇಳೆ ಬೇರೊಬ್ಬನದು. ಕಪಾಟುಗಳಲ್ಲಿ ಮಡಿಸಿಟ್ಟ ಬಟ್ಟೆ, ಪೀಪಾಯಿಯಲ್ಲಿಟ್ಟ ಸಕ್ಕರೆ, ಸಾಲಕ್ಕೆ ತಂದ ಚಹ, ಇವೇ ಅವನ ಸರ್ವಸ್ವ.

ಸನ್ ಸಂಸ್ಥೆಯ ದಾಖಲೆಯ ಪುಸ್ತಕಗಳು ಉಳಿದುಬಂದಿವೆ. ಲಂಡನ್ನಿನ ಮಹಾನಗರ ದಾಖಲೆಗಳ ಭಂಡಾರದಲ್ಲಿ ಅವುಗಳನ್ನಿಟ್ಟಿದ್ದಾರೆ. ರಾಜರ ಚರಿತ್ರೆಯಲ್ಲಿ ಎಂದಿಗೂ ಹೆಸರು ಕಾಣದ ಜನರೆಲ್ಲ ಅಲ್ಲಿದ್ದಾರೆ: ರೊಟ್ಟಿ ಸುಡುವವನು, ಮೇಣದಬತ್ತಿ ಎರೆಯುವವನು, ಟೋಪಿ ಹೊಲಿಯುವ ವಿಧವೆ, ಚೀನೀ ಪಾತ್ರೆಗಳನ್ನು ಮಾರುವವಳು. ಒಬ್ಬೊಬ್ಬರ ಹೆಸರು, ಕಸುಬು, ಬೀದಿ, ಮನೆಯು ಇಟ್ಟಿಗೆಯದೋ ಮರದ್ದೋ ಎಂಬ ವಿವರ, ಸರಕಿನ ಬೆಲೆ, ಇಷ್ಟು. ಸ್ವಂತ ಹೆಸರಿನಲ್ಲಿ ವ್ಯಾಪಾರ ನಡೆಸುತ್ತಿದ್ದ ಹೆಂಗಸರು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಎಷ್ಟು ಮಂದಿ ಇದ್ದರೆಂಬುದನ್ನು ವಿದ್ವಾಂಸರು ಈ ಪುಸ್ತಕಗಳಿಂದಲೇ ತಿಳಿದರು. ಚಿಲ್ಲರೆ ವ್ಯಾಪಾರಿಗಳಿಗೆ ವಿಮೆಯು ಬೇಡವಾಗಿತ್ತೆಂದು ಯಾರೂ ಹೇಳುವಂತಿಲ್ಲ. ತಮ್ಮ ಅಳತೆಗೆ ತಕ್ಕಂತೆ ದೊರೆತಾಗ ಅವರು ಕೊಂಡರು.

ಈ ವ್ಯವಹಾರದೊಳಕ್ಕೆ ಸರ್ಕಾರವು ಬಂದುದು ಯುದ್ಧದ ಬಾಗಿಲಿನಿಂದ. 1694ರಲ್ಲಿ, ಫ್ರಾನ್ಸಿನೊಡನೆ ಯುದ್ಧವು ನಡೆಯುತ್ತಿದ್ದಾಗ, ಅನೇಕ ಬಗೆಯ ಕಾಗದಪತ್ರಗಳ ಮೇಲೆ ಸ್ಟಾಂಪಿನ ಸುಂಕವನ್ನು ವಿಧಿಸಿದರು. ವಿಮೆಯ ಪತ್ರವೂ ಅವುಗಳಲ್ಲೊಂದು. ಇದು ಅಷ್ಟಾಗಿ ಭಾರವಾದುದಲ್ಲ. ಆದರೆ 1782ರಲ್ಲಿ, ಅಮೆರಿಕದ ವಸಾಹತುಗಳೊಡನೆ ನಡೆದ ಯುದ್ಧವು ಸೋತಂತೆಯೇ ಆಗಿದ್ದು ಬೊಕ್ಕಸವು ಬರಿದಾಗಿದ್ದಾಗ, ಮುಖ್ಯಮಂತ್ರಿಯಾಗಿದ್ದ ನಾರ್ತ್ ಪ್ರಭುವು ಹೊಸದೊಂದು ಬಗೆಯನ್ನು ಕಂಡುಹಿಡಿದನು. ಪತ್ರಕ್ಕಿಷ್ಟು ಎಂದಲ್ಲ, ವಿಮೆ ಮಾಡಿಸಿದ ಮೊತ್ತದ ನೂರು ಪೌಂಡಿಗೆ ವರ್ಷಕ್ಕೆ ಒಂದೂವರೆ ಷಿಲ್ಲಿಂಗ್ ಸುಂಕ. ನಾರ್ತನ ಮಂತ್ರಿಪದವಿಯು ಅದೇ ಮಾರ್ಚಿಯಲ್ಲಿ ಹೋಯಿತು, ಸುಂಕವು ಉಳಿಯಿತು. ಫ್ರಾನ್ಸಿನ ಯುದ್ಧವು ಬಂದಮೇಲೆ 1797ರಲ್ಲಿ ಅದು ಎರಡು ಷಿಲ್ಲಿಂಗಾಯಿತು, 1804ರಲ್ಲಿ ಎರಡೂವರೆ, 1815ರಲ್ಲಿ ಮೂರು. ವಾಟರ್ಲೂವಿನಲ್ಲಿ ನೆಪೋಲಿಯನ್ನನು ಸೋತ ವರ್ಷವೇ ಮೂರು ಷಿಲ್ಲಿಂಗ್ ಆದುದು. ಯುದ್ಧವು ಮುಗಿದರೂ ಸುಂಕವು ಮೂರರಲ್ಲಿಯೇ ನಿಂತು ಅರ್ಧ ಶತಮಾನದಷ್ಟು ಕಾಲ ಅಲುಗಲಿಲ್ಲ. ಯುದ್ಧಕ್ಕಾಗಿ ಬಂದ ತೆರಿಗೆಯು ಶಾಂತಿಯಲ್ಲಿ ಮನೆಯ ಅಳಿಯನಂತೆ ನೆಲೆಸುವುದು ಎಲ್ಲ ದೇಶಗಳಲ್ಲಿಯೂ ಕಂಡ ಸಂಗತಿಯೇ.

ನೂರು ಪೌಂಡಿಗೆ ಮೂರು ಷಿಲ್ಲಿಂಗ್ ಎಂದರೆ ಮೇಲುನೋಟಕ್ಕೆ ಅತ್ಯಲ್ಪ. ಇಪ್ಪತ್ತು ಷಿಲ್ಲಿಂಗಿಗೆ ಒಂದು ಪೌಂಡು. ಆದುದರಿಂದ ಸಾವಿರಕ್ಕೆ ಒಂದೂವರೆಯಷ್ಟಾಯಿತು. ಪಾರ್ಲಿಮೆಂಟಿನಲ್ಲಿ ಇದನ್ನು ಸಮರ್ಥಿಸಿದವರು ಹೇಳುತ್ತಿದ್ದುದೂ ಇದನ್ನೇ: ಇದು ಆಸ್ತಿಯ ಮೇಲಣ ಹಗುರವಾದ ತೆರಿಗೆ, ಆಸ್ತಿಯುಳ್ಳವನು ಕೊಡಲಿ. ಆದರೆ ಅಂಗಡಿಕಾರನು ಇದನ್ನು ತನ್ನ ಸರಕಿನ ಬೆಲೆಯೊಡನೆ ಹೋಲಿಸಿ ನೋಡುತ್ತಿರಲಿಲ್ಲ. ವಿಮೆಗೆ ತಾನು ಕೊಡಬೇಕಾದ ಕಂತಿನೊಡನೆ ಹೋಲಿಸುತ್ತಿದ್ದನು. ಹೋಲಿಸಬೇಕಾದುದು ಹಾಗೆಯೇ ಸರಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿಮಾಸಂಸ್ಥೆಗಳು ಅಪಾಯವನ್ನು ಮೂರು ದರ್ಜೆಗಳಾಗಿ ಎಣಿಸುತ್ತಿದ್ದುವು. ಇಟ್ಟಿಗೆಯ ಕಟ್ಟಡದಲ್ಲಿ ಬೆಂಕಿಗೆ ಬೇಗನೆ ಸಿಕ್ಕದ ವ್ಯಾಪಾರವು ಸಾಮಾನ್ಯ ದರ್ಜೆ, ಅದಕ್ಕೆ ನೂರು ಪೌಂಡಿಗೆ ಒಂದೂವರೆ ಷಿಲ್ಲಿಂಗ್ ಕಂತು. ಅಪಾಯದ ದರ್ಜೆಗೆ ಎರಡೂವರೆ. ಇಮ್ಮಡಿ ಅಪಾಯಕ್ಕೆ ನಾಲ್ಕೂವರೆ. ಸುಂಕವು ಎಲ್ಲಕ್ಕೂ ಮೂರೇ ಷಿಲ್ಲಿಂಗ್.

ಲೆಕ್ಕವನ್ನು ಬಿಡಿಸಿ ನೋಡೋಣ. ಐನೂರು ಪೌಂಡಿನ ಬಟ್ಟೆಯನ್ನು ಇಟ್ಟುಕೊಂಡು ಇಟ್ಟಿಗೆಯ ಅಂಗಡಿಯಲ್ಲಿ ಕುಳಿತ ವ್ಯಾಪಾರಿಯು ವರ್ಷಕ್ಕೆ ಏಳೂವರೆ ಷಿಲ್ಲಿಂಗ್ ಕಂತನ್ನು ಕೊಡಬೇಕಾಗಿತ್ತು. ಅದರೊಡನೆ ಸರ್ಕಾರಕ್ಕೆ ಹದಿನೈದು ಷಿಲ್ಲಿಂಗ್. ಬೆಂಕಿಯಿಂದ ಕಾಪಾಡುವವನಿಗೆ ಒಂದು ಪಾಲು, ಕಾಪಾಡುವುದರಲ್ಲಿ ಯಾವ ಹೊಣೆಯೂ ಇಲ್ಲದ ಬೊಕ್ಕಸಕ್ಕೆ ಎರಡು ಪಾಲು. ಕಂತಿನ ಮೇಲೆ ನೂರಕ್ಕೆ ಇನ್ನೂರರ ತೆರಿಗೆ ಇದು. ಇಮ್ಮಡಿ ಅಪಾಯದವನಿಗೆ ಇದೇ ಸುಂಕವು ಕಂತಿನ ಮೂರರಲ್ಲಿ ಎರಡು ಪಾಲಷ್ಟೆ. ವಿಶೇಷ ದರವನ್ನು ಕೊಡುವ ದೊಡ್ಡ ಕಾರ್ಖಾನೆಯ ಕಂತು ನೂರಕ್ಕೆ ಹನ್ನೆರಡು ಷಿಲ್ಲಿಂಗ್ ಎಂದಿಟ್ಟುಕೊಂಡರೆ ಸುಂಕವು ಅದರ ಕಾಲುಪಾಲು. ಅಂದಮೇಲೆ, ಯಾವನು ತನ್ನ ಅಂಗಡಿಯನ್ನು ಜೋಪಾನವಾಗಿ ಇಟ್ಟುಕೊಂಡು ಬೆಂಕಿಗೆ ಎಡೆಗೊಡದೆ ಇದ್ದನೋ ಅವನಿಗೇ ಸುಂಕದ ಪ್ರಮಾಣವು ಅತ್ಯಧಿಕ. ಅಪಾಯವು ಹೆಚ್ಚಿದಂತೆಲ್ಲ ಪ್ರಮಾಣವು ಇಳಿಯುತ್ತಿತ್ತು. ನಾರ್ತ್ ಪ್ರಭುವು ಇದನ್ನು ಬೇಕೆಂದು ಮಾಡಿದನೆಂದು ನಾನು ತಿಳಿಯೆನು. ಮೊತ್ತವನ್ನು ಎಣಿಸುವುದು ಸುಲಭ, ಅಪಾಯವನ್ನು ಎಣಿಸುವುದು ಕಷ್ಟ. ಖಜಾನೆಯು ಸುಲಭವಾದುದನ್ನು ಆರಿಸಿಕೊಂಡಿತು. ಅದೂ ಅಲ್ಲದೆ ವಸೂಲಿಯ ಶ್ರಮವೂ ಇರಲಿಲ್ಲ. ಮೂರು ಮೂರು ತಿಂಗಳಿಗೆ ಬರುವ ಗಡುವಿನ ದಿನಗಳಲ್ಲಿ ವಿಮಾಸಂಸ್ಥೆಯವರೇ ಕಂತಿನ ಜೊತೆಗೆ ಸುಂಕವನ್ನೂ ಎಣಿಸಿಕೊಂಡು ಸ್ಟಾಂಪಿನ ಕಚೇರಿಗೆ ಕಟ್ಟುತ್ತಿದ್ದರು. ದಂಗೆಯಿಲ್ಲ, ಜಪ್ತಿಯಿಲ್ಲ. 1860ರ ದಶಕದ ಆದಿಯಲ್ಲಿ ವರ್ಷಕ್ಕೆ ಹದಿನೈದು ಲಕ್ಷ ಪೌಂಡಿಗೂ ಮೀರಿ ಇದರಿಂದ ಬರುತ್ತಿದ್ದಿತು. ಇಂಥ ಹಸುವನ್ನು ಯಾವ ಹಣಕಾಸಿನ ಮಂತ್ರಿ ತಾನೇ ಬಿಟ್ಟಾನು?

ದೊಡ್ಡವರಿಗೆ ಈ ಸುಂಕದಿಂದ ಪಾರಾಗುವ ದಾರಿಯೊಂದು ಇದ್ದಿತು. ಇಪ್ಪತ್ತು ಮೂವತ್ತು ಹಡಗುಗಳನ್ನು ಇಟ್ಟುಕೊಂಡ ವರ್ತಕನ ಹಡಗುಗಳು ಒಂದಕ್ಕೊಂದು ತಾವೇ ವಿಮೆಯಾಗುತ್ತವೆ ಎಂಬ ವಿಚಾರವನ್ನು ಆಡಂ ಸ್ಮಿತ್ತನು 1776ರಲ್ಲಿಯೇ ಎತ್ತಿ ಹೇಳಿದ್ದನು. ಹತ್ತು ಊರುಗಳಲ್ಲಿ ಹತ್ತು ಉಗ್ರಾಣಗಳನ್ನು ಹೊಂದಿದವನ ಮಾತೂ ಅದೇ: ಒಂದು ಸುಟ್ಟರೆ ಒಂಬತ್ತು ಉಳಿಯುತ್ತವೆ, ಸುಂಕದ ಹಣವನ್ನು ಉಳಿಸಿ ತನ್ನಲ್ಲಿಯೇ ನಿಧಿಯನ್ನಿಡಬಹುದು. ಒಂದೇ ಅಂಗಡಿಯುಳ್ಳವನಿಗೆ ಈ ಉಪಾಯವಿಲ್ಲ. ಅವನ ಮುಂದೆ ಇದ್ದುವು ಮೂರು: ಸುಂಕವನ್ನು ತೆತ್ತು ಪೂರ್ಣ ವಿಮೆ ಮಾಡಿಸುವುದು, ಮಾಡಿಸದೆ ದೇವರ ಮೇಲೆ ಭಾರ ಹಾಕುವುದು, ಅಥವಾ ಎರಡರ ನಡುವಣ ಹಾದಿಯನ್ನು ಹಿಡಿದು ಐನೂರರ ಸರಕಿಗೆ ಇನ್ನೂರೈವತ್ತರ ವಿಮೆ ಮಾಡಿಸುವುದು. ಸುಂಕವು ಮೊತ್ತದ ಮೇಲೆ ಇದ್ದುದರಿಂದ ಮೊತ್ತವನ್ನು ಇಳಿಸುವ ಆಸೆಯು ಸಹಜವಾದುದಷ್ಟೆ. ಅರ್ಧ ವಿಮೆಯ ಅಂಗಡಿಯು ಪೂರ್ತಿ ಸುಟ್ಟಾಗ ಕೈಗೆ ಬರುವುದು ಅರ್ಧ. ಸರಕನ್ನು ಸಾಲವಾಗಿ ಕೊಟ್ಟ ಸಗಟು ವ್ಯಾಪಾರಿಯ ಬಾಕಿಯು ಪೂರ್ತಿ. ಹೀಗೆ ಬೆಂಕಿಯು ಆರಿದಮೇಲೆ ಕೋರ್ಟಿನ ದಾರಿಯು ತೆರೆಯುತ್ತಿತ್ತು.

ಇದಕ್ಕಿಂತ ಹೆಚ್ಚಾಗಿ ಆ ಜನರ ಮನಸ್ಸನ್ನು ನೋಯಿಸಿದುದು ಭೇದಭಾವ. 1833ರಲ್ಲಿ ಪಾರ್ಲಿಮೆಂಟು ಬೇಸಾಯದ ಸರಕುಗಳನ್ನು, ಎಂದರೆ ಬಣವೆ, ಧಾನ್ಯ, ದನಕರು ಮುಂತಾದುವನ್ನು, ಈ ಸುಂಕದಿಂದ ಬಿಡುಗಡೆ ಮಾಡಿತು. ಅದಕ್ಕೆ ಎರಡು ಮೂರು ವರ್ಷ ಮುಂಚೆ ದಕ್ಷಿಣ ಇಂಗ್ಲೆಂಡಿನಲ್ಲಿ ಕೂಲಿಕಾರರು ರೊಚ್ಚಿಗೆದ್ದು ಬಣವೆಗಳಿಗೆ ಬೆಂಕಿಯಿಟ್ಟಿದ್ದರು. ಆದುದರಿಂದ ರೈತನಿಗೆ ವಿಮೆಯು ಅಗತ್ಯವಾಗಿದ್ದುದು ನಿಜವೇ. ಆದರೆ ಪಾರ್ಲಿಮೆಂಟಿನ ಎರಡು ಸಭೆಗಳಲ್ಲಿಯೂ ತುಂಬಿದ್ದವರು ಭೂಮಾಲೀಕರು ಎಂಬುದನ್ನೂ ಮರೆಯಲಾಗದು. ಹೊಲದಲ್ಲಿಯ ಹುಲ್ಲಿಗೆ ಸಿಕ್ಕಿದ ವಿನಾಯಿತಿಯು ಪೇಟೆಯ ಬಟ್ಟೆಗೆ ಸಿಕ್ಕಲು ಇನ್ನು ಮೂವತ್ತೊಂದು ವರ್ಷ ಹಿಡಿಯಿತು, ಅದೂ ಅರೆಬರೆಯಾಗಿ. 1853ರಲ್ಲಿ ಗ್ಲಾಡ್‌ಸ್ಟನ್ನನು ವರಮಾನದ ತೆರಿಗೆಯ ಶಾಸನದಲ್ಲಿ ಜೀವವಿಮೆಯ ಕಂತಿಗೆ ರಿಯಾಯಿತಿಯನ್ನು ಕೊಟ್ಟನು. ಮುಂದಾಲೋಚನೆಯು ಗುಣವೆಂದು ಆ ಶಾಸನವು ಒಪ್ಪಿದಂತಾಯಿತು. ಆದರೆ ಬಡ ಅಂಗಡಿಕಾರನು ವರಮಾನದ ತೆರಿಗೆಯ ಮಿತಿಗೆ ಬರುವವನೇ ಅಲ್ಲ. ಅವನಿಗೆ ಸಿಕ್ಕುವ ರಿಯಾಯಿತಿಯು ಶೂನ್ಯ, ತೆರಬೇಕಾದ ಸುಂಕವು ಮೂರು ಷಿಲ್ಲಿಂಗ್. ಒಂದೇ ಸರ್ಕಾರವು ಒಂದೇ ಗುಣಕ್ಕೆ ಒಂದು ಕೈಯಿಂದ ಬಹುಮಾನವನ್ನೂ ಮತ್ತೊಂದು ಕೈಯಿಂದ ದಂಡವನ್ನೂ ಕೊಡುತ್ತಿತ್ತು.

ವಿಮೆ ಮಾಡಿಸಿದವನು ಹೊತ್ತ ಹೊರೆ ಇಷ್ಟೇ ಅಲ್ಲ. ಲಂಡನ್ನಿನಲ್ಲಿ ಬೆಂಕಿಯನ್ನು ಆರಿಸುವ ದಳವು ಸರ್ಕಾರದ್ದಾಗಿರಲಿಲ್ಲ. 1833ರಿಂದ ಅದನ್ನು ನಡೆಸುತ್ತಿದ್ದವು ವಿಮಾಸಂಸ್ಥೆಗಳೇ ಕೂಡಿ ಕಟ್ಟಿದ ಒಂದು ಮಂಡಲಿ. ಆ ದಳದವರು ವಿಮೆಯಿಲ್ಲದ ಮನೆಯ ಬೆಂಕಿಯನ್ನೂ ಆರಿಸುತ್ತಿದ್ದರು. ಮಾಡಲೇಬೇಕಾಗಿತ್ತು, ಪಕ್ಕದ ಮನೆಗೆ ಅದು ಹಬ್ಬದಿರುತ್ತದೆಯೆ? ಅದರ ಖರ್ಚು ಬರುತ್ತಿದ್ದುದು ವಿಮೆ ಮಾಡಿಸಿದವರ ಕಂತಿನಿಂದ. ಹೀಗೆ ವಿಮೆ ಮಾಡಿಸಿದ ಅಂಗಡಿಕಾರನು ಬೊಕ್ಕಸಕ್ಕೂ ತೆತ್ತು, ವಿಮೆ ಮಾಡಿಸದ ನೆರೆಯವನ ಬೆಂಕಿಗೂ ತೆರುತ್ತಿದ್ದನು. 1861ನೆಯ ಜೂನ್ 22ರಂದು ಟೂಲೀ ಬೀದಿಯ ಬಳಿ ಥೇಮ್ಸ್ ನದಿಯ ದಂಡೆಯ ಉಗ್ರಾಣಗಳಿಗೆ ಬೆಂಕಿ ಬಿದ್ದಿತು. ದಳದ ನಾಯಕನಾದ ಜೇಮ್ಸ್ ಬ್ರೇಡ್‌ವುಡ್ ಎಂಬ ಹೆಸರಾಂತ ಪುರುಷನು ಗೋಡೆಯು ಕುಸಿದು ಅದರಡಿಯಲ್ಲಿ ಸತ್ತನು; ಬೆಂಕಿಯು ಪೂರ್ತಿ ಆರಲು ಎರಡು ವಾರ ಹಿಡಿಯಿತು; ನಷ್ಟವು ಇಪ್ಪತ್ತು ಲಕ್ಷ ಪೌಂಡಿನಷ್ಟೆಂದು ಅಂದಾಜು ಮಾಡಿದರು. ಸಂಸ್ಥೆಗಳು ಉಗ್ರಾಣಗಳ ದರವನ್ನು ಏರಿಸಿದುವು. ದಳದ ಹೊರೆಯನ್ನು ತಾವೇ ಹೊರಲಾರೆವೆಂದು ಸರ್ಕಾರಕ್ಕೆ ಹೇಳಿದುವು. 1865ರ ಶಾಸನದಿಂದ ದಳವು ಸಾರ್ವಜನಿಕವಾಯಿತು. ಆಗಲೂ ಸಂಸ್ಥೆಗಳು ತಾವು ವಿಮೆ ಕೊಟ್ಟ ಪ್ರತಿ ಹತ್ತು ಲಕ್ಷ ಪೌಂಡಿಗೆ 35 ಪೌಂಡಿನಂತೆ ದಳಕ್ಕೆ ಕೊಡತಕ್ಕದ್ದೆಂದು ವಿಧಿಸಿದರು. ಆ ಹಣವು ಕೊನೆಗೆ ಯಾರ ಜೇಬಿನಿಂದ ಬಂದಿತೆಂದು ಹೇಳಬೇಕಾದುದಿಲ್ಲ.

ಈ ಸುಂಕವನ್ನು ತೆಗೆಯಿಸಬೇಕೆಂದು ಕಾಮನ್ಸ್ ಸಭೆಯಲ್ಲಿ ಪಟ್ಟುಹಿಡಿದವನು ಡಡ್ಲಿ ಊರಿನ ಪ್ರತಿನಿಧಿಯಾದ ಹೆನ್ರಿ ಬ್ರಿನ್ಸ್ಲಿ ಷೆರಿಡನ್. ಹೆಸರಾಂತ ನಾಟಕಕಾರ ಷೆರಿಡನ್ ಇವನಲ್ಲ, ಅವನು 1816ರಲ್ಲಿಯೇ ತೀರಿಹೋಗಿದ್ದನು. ಡಡ್ಲಿ ಕಬ್ಬಿಣದ ಕುಲುಮೆಗಳ, ಸಣ್ಣ ಸಣ್ಣ ಕಾರ್ಯಾಗಾರಗಳ ಊರು. ಈತನು ವರ್ಷ ವರ್ಷವೂ ನಿರ್ಣಯವನ್ನು ತರುತ್ತಿದ್ದನು. ಮಂತ್ರಿಗಳು ಸುಂಕವು ಕೆಟ್ಟದೆಂಬುದನ್ನು ಅಲ್ಲಗಳೆಯದೆ, ಆದಾಯವನ್ನು ಬಿಡುವ ಕಾಲವು ಬಂದಿಲ್ಲವೆನ್ನುತ್ತಿದ್ದರು. 1861ರಲ್ಲಿ ಕಾಗದದ ಮೇಲಣ ಸುಂಕವನ್ನು ತೆಗೆಯಲು ಕಾಲವು ಬಂದಿತು. ಪತ್ರಿಕೆಗಳು ಅಗ್ಗವಾದುವು, ಎಲ್ಲರೂ ಹೊಗಳಿದರು. ಅಂಗಡಿಕಾರರನ್ನು ಕುರಿತು ಹೊಗಳುವವರಿರಲಿಲ್ಲ.

ವಿಮೆ ಮಾಡಿಸದವರೆಲ್ಲ ಸುಂಕದ ದೆಸೆಯಿಂದಲೇ ಮಾಡಿಸಲಿಲ್ಲವೆಂದು ಸುಂಕದ ವೈರಿಗಳು ಹೇಳುತ್ತಿದ್ದರು. ಇದನ್ನು ಹಾಗೆಯೇ ಒಪ್ಪಲಾಗದು. ದೇಶದ ಮನೆಗಳಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು, ಇಲ್ಲವೆ ನೂರಕ್ಕೆ ತೊಂಬತ್ತೊಂಬತ್ತೇ ವಿಮೆಯಿಲ್ಲದವು ಎಂದು ಆಡಂ ಸ್ಮಿತ್ತನು ಎಣಿಸಿದುದು ನಾರ್ತನ ಸುಂಕಕ್ಕೆ ಆರು ವರ್ಷ ಮೊದಲು. ತನಗೆ ಕೇಡು ಬಾರದೆಂದು ನಂಬುವುದು ಮನುಷ್ಯನ ಸ್ವಭಾವ. ಅದಕ್ಕೆ ಸರ್ಕಾರದ ಸಹಾಯವು ಬೇಕಾಗಿಲ್ಲ. ಆದರೆ ಆ ಸ್ವಭಾವವನ್ನು ಗೆದ್ದು ವಿಮೆಯ ಕಚೇರಿಯ ಬಾಗಿಲಿನ ವರೆಗೆ ಬಂದವನನ್ನು ತಡೆದು, ಬೆಲೆಯನ್ನು ಮೂರು ಪಟ್ಟು ಮಾಡುವುದಿದೆಯಷ್ಟೆ, ಅದರ ಹೊಣೆಯನ್ನು ಮನುಷ್ಯಸ್ವಭಾವದ ಮೇಲೆ ಹೊರಿಸಲಾಗದು.

ಕಡೆಗೆ 1864ರಲ್ಲಿ ಗ್ಲಾಡ್‌ಸ್ಟನ್ನನು ವ್ಯಾಪಾರದ ಸರಕು, ಯಂತ್ರ, ಉಪಕರಣಗಳ ಮೇಲಣ ಸುಂಕವನ್ನು ಅರ್ಧಕ್ಕೆ, ಎಂದರೆ ನಾರ್ತನ ಕಾಲದ ಒಂದೂವರೆ ಷಿಲ್ಲಿಂಗಿಗೆ, ಇಳಿಸಿದನು. ಮೊದಲ ರಿಯಾಯಿತಿಯು ವಾಸದ ಮನೆಗಳಿಗಲ್ಲದೆ ಅಂಗಡಿಯ ಸರಕಿಗೆ ಸಿಕ್ಕಿದುದೇ ಹೊರೆಯು ಎಲ್ಲಿ ಭಾರವಾಗಿತ್ತೆಂಬುದಕ್ಕೆ ಸಾಕ್ಷಿ. ಮರುವರ್ಷ ಮನೆಗಳಿಗೂ ಅದೇ ದರವಾಯಿತು. ದರವು ಇಳಿದರೆ ವಿಮೆಯು ಇಮ್ಮಡಿಸಿ ಬೊಕ್ಕಸವು ಮೊದಲಿನಂತೆ ತುಂಬುವುದೆಂದು ಕೆಲವರು ಭರವಸೆ ಕೊಟ್ಟಿದ್ದರು. ಹಳೆಯ ಆದಾಯವು ಮರಳಲಿಲ್ಲ. ಎಂಬತ್ತು ವರ್ಷಗಳ ಅಭ್ಯಾಸವು ಎರಡು ಮೂರು ವರ್ಷಗಳಲ್ಲಿ ಹೋಗುವುದೆಂದು ನಿರೀಕ್ಷಿಸಿದುದೇ ಸರಿಯಲ್ಲ. 1869ರಲ್ಲಿ ಹಣಕಾಸಿನ ಮಂತ್ರಿಯಾಗಿದ್ದ ರಾಬರ್ಟ್ ಲೋ ಸುಂಕವನ್ನು ಸಂಪೂರ್ಣವಾಗಿ ತೆಗೆದುಹಾಕಿದನು. ಅಷ್ಟು ಹೊತ್ತಿಗೆ ಅದಕ್ಕೆ ಎಂಬತ್ತೇಳು ವರ್ಷ. ಇದೇ ಲೋ 1871ರಲ್ಲಿ ಬೆಂಕಿಕಡ್ಡಿಯ ಮೇಲೆ ಸುಂಕವನ್ನು ಹಾಕಹೊರಟನು. ಲಂಡನ್ನಿನ ಬೆಂಕಿಕಡ್ಡಿಯ ಕೆಲಸಗಾರರು, ಬಹುಮಂದಿ ಹೆಂಗಸರು ಮತ್ತು ಮಕ್ಕಳು, ಪಾರ್ಲಿಮೆಂಟಿನ ಕಡೆಗೆ ಮೆರವಣಿಗೆ ಹೊರಟರು. ಕೆಲವು ದಿನಗಳಲ್ಲಿಯೇ ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡನು. ಅಗ್ನಿವಿಮೆಗಾಗಿ ಯಾರೂ ಹಾಗೆ ಬೀದಿಗಿಳಿದುದಿಲ್ಲ. ಒಬ್ಬೊಬ್ಬ ಅಂಗಡಿಕಾರನೂ ತನ್ನ ಗಡುವಿನ ದಿನದಂದು ಒಬ್ಬೊಬ್ಬನಾಗಿಯೇ ಹೋಗಿ ಕಟ್ಟುತ್ತಿದ್ದನು, ಇಲ್ಲವೆ ಹೋಗದೆ ಇರುತ್ತಿದ್ದನು.

ಸರಿಯಾಗಿ ನೂರ ಇಪ್ಪತ್ತೈದು ವರ್ಷಗಳಮೇಲೆ ಈ ತೆರಿಗೆಯು ಬೇರೊಂದು ವೇಷದಲ್ಲಿ ಮರಳಿತು. 1994ರ ಅಕ್ಟೋಬರ್ 1ರಿಂದ ಬ್ರಿಟನ್ನಿನಲ್ಲಿ ವಿಮೆಯ ಕಂತಿನ ಮೇಲೆ ನೂರಕ್ಕೆ ಎರಡೂವರೆಯಂತೆ ತೆರಿಗೆಯು ಬಂದು, ಮೆಟ್ಟಲು ಮೆಟ್ಟಲಾಗಿ ಏರಿ, 2017ರಲ್ಲಿ ಹನ್ನೆರಡಾಯಿತು. ಅದೇ 1994ರ ಜುಲೈ 1ರಂದು, ಮನಮೋಹನ ಸಿಂಗರು ಅರ್ಥಸಚಿವರಾಗಿದ್ದಾಗ, ನಮ್ಮ ದೇಶದಲ್ಲಿ ಸೇವಾ ತೆರಿಗೆಯು ಆರಂಭವಾಯಿತು. ಮೊದಲು ಅದಕ್ಕೆ ಸಿಕ್ಕಿದ ಮೂರು ಸೇವೆಗಳಲ್ಲಿ ಟೆಲಿಫೋನು ಒಂದು, ಷೇರು ದಲ್ಲಾಳಿಯ ಕೆಲಸ ಒಂದು, ಮತ್ತೊಂದು ಬೆಂಕಿ ಮೊದಲಾದುವುಗಳಿಗೆ ಸಂಬಂಧಿಸಿದ ಸಾಮಾನ್ಯ ವಿಮೆ. ನೂರಕ್ಕೆ ಐದರಿಂದ ಹೊರಟುದು 2016ರ ವೇಳೆಗೆ ಮೇಲುತೆರಿಗೆಗಳೂ ಸೇರಿ ಹದಿನೈದಾಗಿ, 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಬಂದಾಗ ಹದಿನೆಂಟಾಯಿತು.

ನಾರ್ತನ ಸುಂಕಕ್ಕೂ ಇದಕ್ಕೂ ವ್ಯತ್ಯಾಸವುಂಟು, ಅದನ್ನು ಹೇಳದಿರುವುದು ನ್ಯಾಯವಲ್ಲ. ಈಗಿನದು ಮೊತ್ತದ ಮೇಲಲ್ಲ, ಕಂತಿನ ಮೇಲೆ. ಜೋಪಾನವಾಗಿರುವವನ ಕಂತು ಕಡಿಮೆ, ತೆರಿಗೆಯೂ ಕಡಿಮೆ. ನೂರಕ್ಕೆ ಇನ್ನೂರೆಲ್ಲಿ, ಹದಿನೆಂಟೆಲ್ಲಿ! ಆದರೆ ದೊಡ್ಡವನು ಪಾರಾಗುವ ಬಾಗಿಲೊಂದು ಇಲ್ಲಿಯೂ ಇದೆ. ಬೆಂಗಳೂರಿನ ಚಿಕ್ಕಪೇಟೆಯ ಸಗಟು ವ್ಯಾಪಾರಿಯು ತನ್ನ ಸರಕಿನ ವಿಮೆಗೆ ನಾಲ್ಕು ಸಾವಿರ ರೂಪಾಯಿಯ ಕಂತನ್ನೂ 720 ರೂಪಾಯಿಯ ತೆರಿಗೆಯನ್ನೂ ಕೊಟ್ಟನೆನ್ನೋಣ. ಅವನು ನೋಂದಾಯಿತ ತೆರಿಗೆದಾರನಾದುದರಿಂದ, ತಾನು ಮಾರಾಟದ ಮೇಲೆ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಆ 720ನ್ನು ಕಳೆದುಕೊಳ್ಳುತ್ತಾನೆ. ಅವನಿಗೆ ವಿಮೆಯ ಬೆಲೆ ನಾಲ್ಕು ಸಾವಿರವೇ. ತಾಲ್ಲೂಕಿನ ಪೇಟೆಬೀದಿಯಲ್ಲಿ ಅದೇ ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಮಾರುವ ಅಂಗಡಿಕಾರನು ಲೆಕ್ಕಪತ್ರದ ತೊಡಕನ್ನು ತಪ್ಪಿಸಿಕೊಳ್ಳಲು ರಾಜಿ ತೆರಿಗೆಯ ಪದ್ಧತಿಯನ್ನು ಆರಿಸಿಕೊಂಡು ವಹಿವಾಟಿನ ನೂರಕ್ಕೆ ಒಂದರಂತೆ ಕಟ್ಟುವವನು. ಅವನಿಗೆ ಈ ಕಳೆಯುವ ಹಕ್ಕು ಇಲ್ಲ. ವರ್ಷದ ವಹಿವಾಟು ನಲವತ್ತು ಲಕ್ಷವನ್ನು ಮುಟ್ಟದೆ ನೋಂದಣಿಯೇ ಇಲ್ಲದವನಿಗೂ ಇಲ್ಲ. ಅದೇ ಕಂತಿಗೆ ಅವರಿಬ್ಬರೂ ಕೊಡತಕ್ಕುದು 4,720. ಬೆಂಕಿಯನ್ನು ತಾಳಿಕೊಳ್ಳುವ ಶಕ್ತಿಯು ಯಾರಿಗೆ ಕಡಿಮೆಯೋ ಅವರಿಗೇ ವಿಮೆಯು ತುಟ್ಟಿ.

2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ತಮಗೂ ತಮ್ಮ ಕುಟುಂಬಕ್ಕೂ ಮಾಡಿಸುವ ಜೀವವಿಮೆ, ಆರೋಗ್ಯವಿಮೆಗಳ ಮೇಲಣ ತೆರಿಗೆಯನ್ನು ಪೂರ್ಣವಾಗಿ ತೆಗೆದರು. ಗ್ಲಾಡ್‌ಸ್ಟನ್ನನ 1853ರ ಶಾಸನವನ್ನು ಓದಿದವರಿಗೆ ಈ ಕ್ರಮದಲ್ಲಿ ಪರಿಚಯದ ಮುಖವೊಂದು ಕಾಣದೆ ಇರದು. ಅಂಗಡಿಯ ಸರಕಿಗೆ ಮಾಡಿಸುವ ಅಗ್ನಿವಿಮೆಯು ಆ ಪಟ್ಟಿಯಲ್ಲಿ ಸೇರಲಿಲ್ಲ. ಅದರ ರಸೀದಿಯಲ್ಲಿ ಹದಿನೆಂಟು ಎಂಬ ಅಂಕವು ಇದ್ದಂತೆಯೇ ಇದ್ದಿತು.